ಮೈಕ್ ಇಲ್ಲದ ಕಥೆ-ಹಾಡಿನ ಸಂಜೆ

ಒಂದು ಕಥೆ, ಜೊತೆಗೆ ಗಿಟಾರು, ಕೊಳಲು: ಇಂಥ ಸಂಜೆಯ ಕೆಲಸ ಶುರುವಾಗುವುದು ಮಧ್ಯಾಹ್ನ, ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆಯಿಂದ. ಸದ್ದು ಎದುರುಬದುರು ಗೋಡೆಗಳ ನಡುವೆ ಟರ್ರನೆ ಪುಟಿದರೆ ಒಂದು ಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಅಷ್ಟು ಸಾಕು, ಉಳಿದದ್ದನ್ನು ಬಂದು ಕೂತವರ ಮೈ, ಬಟ್ಟೆಗಳೇ ಹೀರಿಕೊಳ್ಳುತ್ತವೆ. 30–40 ಜನ, ಕೊನೆಯ ಸಾಲು 7 ಮೀಟರಿನೊಳಗೆ. ಅದರಾಚೆಗೆ ಪಿಸುಮಾತು ಮುಟ್ಟುವುದಿಲ್ಲ, ಪಿಸುಮಾತೇ ಬೇಡವೆಂದರೆ ಇಷ್ಟು ಚಿಕ್ಕ ಕೋಣೆ ಯಾಕೆ? ಫ್ಯಾನು, ಪಕ್ಕದ ಕೋಣೆಯ ಫ್ರಿಜ್ಜು ಎಲ್ಲ ಆರಿಸಿ ನೋಡಬೇಕು. ಅವು ಎಷ್ಟು ಗುಂಯ್‌ಗುಡುತ್ತಿದ್ದವು ಅಂತ ತಿಳಿಯುವುದೇ ನಿಂತ ಮೇಲೆ.

ನಿಜವಾದ ತಲೆನೋವು ಶ್ರುತಿ. ನಾಲ್ಕು ಗಂಟೆಗೆ ಕೊಳಲಿಗೆ ಸೇರಿಸಿದ ಗಿಟಾರು ಏಳಕ್ಕೆ ಸೇರಿರುವುದಿಲ್ಲ. ಜನ ತುಂಬಿ ಕೋಣೆ ಬಿಸಿಯಾದಂತೆ ತಂತಿ ಹಿಗ್ಗಿ ಗಿಟಾರು ಇಳಿಯುತ್ತದೆ. ಅದೇ ಬಿಸಿಗೆ ಕೊಳಲು ಏರುತ್ತದೆ, ಡಿಗ್ರಿಗೆ ಸುಮಾರು 3 ಸೆಂಟ್. ಸೆಂಟ್ ಎಂದರೆ ಶ್ರುತಿಯ ಅಂತರದ ಅಳತೆ, ಅರ್ಧಸ್ವರಕ್ಕೆ 100. ಐದು ಡಿಗ್ರಿ ಹೆಚ್ಚಾದರೆ ಕೊಳಲೊಂದೇ 15 ಸೆಂಟ್ ಮೇಲೆ, ಗಿಟಾರು ಕೆಳಗೆ: ಕಿವಿಗೆ ಚುಚ್ಚುತ್ತದೆ. ಬಿದಿರಿಗೆ ಬಿರಡೆ ಇಲ್ಲವಾದ್ದರಿಂದ ಬಗ್ಗಬೇಕಾದ್ದು ಗಿಟಾರೇ. ಜನ ಕೂತ ಮೇಲೆ, ಕೊಳಲನ್ನು ಎರಡು ನಿಮಿಷ ಊದಿ ಬೆಚ್ಚಗೆ ಮಾಡಿ, ಮತ್ತೆ ಸೇರಿಸಬೇಕು. ಹೊಸ ತಂತಿಯನ್ನು ಅದೇ ದಿನ ಹಾಕುವವರಿಗಂತೂ ಏನೂ ಹೇಳಲಾಗದು. ಎರಡು ದಿನ ಮೊದಲೇ ಹಾಕಿ ಎಳೆದೆಳೆದು ಪಳಗಿಸಬೇಕು.

ಕಥೆಯ ಮಾತಿನಡಿ ಗಿಟಾರು ನುಡಿಸುವಾಗ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಪ್ಪು) ಬೇಡ, ಬೆರಳ ಮಾಂಸ ಸಾಕು, ಅದೂ ಬ್ರಿಡ್ಜಿನಿಂದ (ಗಿಟಾರಿನ ಒಡಲ ಮೇಲೆ ತಂತಿ ಕೂರುವ ಪಟ್ಟಿ) ದೂರ, ಕತ್ತಿನ ಕಡೆಗೆ. ಮಾತು ಅರ್ಥವಾಗುವುದು ಹೆಚ್ಚಾಗಿ ಸ, ತ, ಕದಂಥ ವ್ಯಂಜನಗಳಿಂದ. ಅವುಗಳ ಹರಿತ 2,000 ಹರ್ಟ್ಸ್‌ನಿಂದ ಮೇಲೆ. ಬ್ರಿಡ್ಜಿನ ಬಳಿ ಮೀಟಿದ ತಂತಿಯ ಕಟುವಾದ ನಾದ ಅಲ್ಲೇ ಬಂದು ಕೂರುತ್ತದೆ. ಕೊಳಲು ಮಾತಿನ ನಡುವೆ ಸುಮ್ಮನಿರಲಿ, ಇಲ್ಲವಾದರೆ ಕಿವಿ ರಾಗದ ಹಿಂದೆ ಹೋಗಿ ಕಥೆ ಅನಾಥ. ಒಂದೇ ಸ್ವರವನ್ನು ಬಹಳ ಹೊತ್ತು ಎಳೆದರೂ ತಪ್ಪೇ: ಹೇಳುವವರ ದನಿ ತನಗರಿವಿಲ್ಲದೆ ಅದಕ್ಕೆ ಅಂಟಿಕೊಂಡು ಮಾತು ರಾಗ ಎಳೆಯತೊಡಗುತ್ತದೆ.

ಕಥೆಯನ್ನು ಬಾಯಿಪಾಠ ಮಾಡಬೇಕಿಲ್ಲ, ಹಾಡಿಗೆ ದಾಟುವ ಕೊನೆಯ ವಾಕ್ಯವೊಂದನ್ನು ಬಿಟ್ಟು. ಅದೇ ಗಿಟಾರಿಗೆ ಸನ್ನೆ, ಅದರಲ್ಲಿ ಒಂದು ಪದ ಬದಲಾದರೂ ಗಿಟಾರಿನವರ ಕೈ ತಂತಿಯ ಮೇಲೇ ನಿಂತುಬಿಡುತ್ತದೆ; ಆ ಅರೆಕ್ಷಣದ ಎಡವು ಮುಂದೆ ಕೂತವರಿಗೆಲ್ಲ ಕಾಣುತ್ತದೆ.

ಕಡೆಯ ಸ್ವರ ಮೀಟಿದ ಮೇಲೆ ತಂತಿಯನ್ನು ಅಂಗೈಯಿಂದ ಮುಚ್ಚಬಾರದು. ತಾನಾಗಿ ಆರಲಿ. ಕೈಯನ್ನು ಗಿಟಾರಿನಿಂದ ತೆಗೆಯಲೂಬಾರದು. ತೆಗೆದರೆ ಮುಗಿಯಿತು, ಚಪ್ಪಾಳೆ.