ನಿದ್ದೆ ಬರ್ತಿಲ್ಲ, ನಾನೇನ್ ಮಾಡ್ಲಿ?

ಬುಧವಾರ ರಾತ್ರಿ 9 ಗಂಟೆಗೆ ನನ್ನ ತಂಗಿ ತನ್ನ ಮಗನನ್ನು ಹಾಸಿಗೆಗೆ ಕಳಿಸಿದಳು. ಎಂಟು ವರ್ಷದ ಹುಡುಗ. ದೀಪ ಆರಿಸಿ, ಬಾಗಿಲು ಅರ್ಧ ಮುಂದೆ ಮಾಡಿ ಬಂದಳು. ಒಂಬತ್ತೂ ಕಾಲಿಗೆ ಒಳಗಿನಿಂದ ನೀರು ಬೇಕೆಂದು ಕೂಗಿದ. ಒಂಬತ್ತೂವರೆಗೆ ಸೆಕೆ ಅಂದ. ಹತ್ತಕ್ಕೆ ನೋಡಿದರೆ ತಲೆದಿಂಬು ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಸೋಮವಾರ ಸ್ಕೂಲು ಶುರು ಕಣೋ. ಈಗಿಂದ್ಲೇ ಬೇಗ ಮಲಗಿ ಅಭ್ಯಾಸ ಮಾಡ್ಕೋ ಅಂದ್ರೆ ಕೇಳಲ್ವಲ್ಲ ನೀನು.”

“ಮಲಗಿದ್ನಲ್ಲಮ್ಮ. ನಿದ್ದೆ ಬರ್ತಿಲ್ಲ, ನಾನೇನ್ ಮಾಡ್ಲಿ?”

“ಕಣ್ಣು ಮುಚ್ಚು, ಬರತ್ತೆ.”

“ಮುಚ್ಚಿದ್ದೆ. ಒಳಗೆ ಎಚ್ಚರ ಇದೆ.”

ಕೊನೆಯ ಮಾತು ಹೇಳುವಾಗ ಅವನ ದನಿ ಒಡೆದಿತ್ತು. ಒಂದು ಗಂಟೆ ಕತ್ತಲಲ್ಲಿ ಹೇಳಿದ ಹಾಗೆ ಕೇಳಿಕೊಂಡು ಮಲಗಿದ್ದ ಮಗು, ಕೊನೆಗೆ ಬೈಗುಳವನ್ನೂ ತಿಂದಿತು. ಮೂರು ದಿನದಿಂದ ಆ ಮಾತು ನನ್ನ ಕಿವಿಯಲ್ಲೇ ಇದೆ. ಒಳಗೆ ಎಚ್ಚರ ಇದೆ. ಅವನು ಹೇಳಿದ್ದು ನಿಜ, ಅಕ್ಷರ ಅಕ್ಷರವೂ ನಿಜ.

ಆ ಮನೆಯಲ್ಲಿ ಯಾರೂ ಉದಾಸೀನದವರಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಏಳರ ಮೇಲೆ ಮನೆ ಸೇರುತ್ತಾರೆ. ರಜೆಯ ಕೊನೆಯ ವಾರಕ್ಕೆಂದು ತಂಗಿ ಫ್ರಿಜ್ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾಳೆ: ಶೂ, ಯೂನಿಫಾರ್ಮ್, ಬ್ಯಾಗು, ಬೈಂಡ್, ಬಾಟಲಿ, ಕಟಿಂಗ್. ಅವಳಷ್ಟು ಅಚ್ಚುಕಟ್ಟಾಗಿ ಕೆಲಸ ತೂಗಿಸುವವರನ್ನು ನಾನು ಹೆಚ್ಚು ನೋಡಿಲ್ಲ. ಆದರೆ ಪಟ್ಟಿಯಲ್ಲಿ ನಿದ್ದೆ ಇರಲಿಲ್ಲ. ಶೂ ಚಿಕ್ಕದಾದರೆ ಬೆರಳಿಗೆ ತಗಲಿ ಗೊತ್ತಾಗುತ್ತದೆ, ಬ್ಯಾಗಿನ ಜಿಪ್ ಕಿತ್ತಿದ್ದರೆ ಕಣ್ಣಿಗೆ ಕಾಣುತ್ತದೆ. ಎರಡು ತಿಂಗಳಲ್ಲಿ ಮಗುವಿನ ಮೈಯೊಳಗಿನ ಗಡಿಯಾರ ಎರಡೂವರೆ ಗಂಟೆ ಹಿಂದೆ ಬಿದ್ದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ರಜೆಯಲ್ಲಿ ಈ ಹುಡುಗ ಮಲಗುತ್ತಿದ್ದದ್ದು ರಾತ್ರಿ 11:30ಕ್ಕೆ, ಏಳುತ್ತಿದ್ದದ್ದು 8:45ಕ್ಕೆ. ಹಾಗೆ ನಿದ್ದೆ ಮಾಡುವ ಮಗುವನ್ನು 9 ಗಂಟೆಗೆ ಮಲಗಿಸಿದರೆ, ದಿನದಲ್ಲೇ ನಿದ್ದೆ ಬರುವುದು ಅತಿ ಕಷ್ಟವಾದ ಹೊತ್ತಿನಲ್ಲಿ ಮಲಗಿಸಿದ ಹಾಗೆ. ಬೆಳಗಿನಿಂದ ಎದ್ದಿದ್ದಷ್ಟೂ ನಿದ್ದೆಯ ಒತ್ತಡ ಮೈಯಲ್ಲಿ ಏರುತ್ತಾ ಹೋಗುತ್ತದೆ. ಅದಕ್ಕೆ ಎದುರಾಗಿ ಒಳಗಿನ ಗಡಿಯಾರ ಸಂಜೆಯ ಹೊತ್ತಿಗೆ ಎಚ್ಚರವನ್ನು ಗಟ್ಟಿಯಾಗಿ ಎತ್ತಿ ಹಿಡಿಯುತ್ತದೆ. ರೂಢಿಯಾದ ಮಲಗುವ ಹೊತ್ತು ಹತ್ತಿರವಾದಂತೆ ಮೈಯನ್ನು ನಿದ್ದೆಗೆ ಸಜ್ಜು ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗಿ, ಆ ಹಿಡಿತ ಸಡಿಲವಾಗುತ್ತದೆ. ಅಲ್ಲಿಯವರೆಗೆ, ಅಂದರೆ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ, ಎಚ್ಚರದ್ದೇ ದರಬಾರು. ನಿದ್ರೆಯ ಬಗ್ಗೆ ಸಂಶೋಧನೆ ಮಾಡಿದ ಇಸ್ರೇಲಿನ ಪೆರೆಟ್ಜ್ ಲಾವಿ 1986ರಲ್ಲಿ ಇದನ್ನು ನಿದ್ದೆಯ ‘ನಿಷೇಧಿತ ವಲಯ’ ಎಂದೇ ಕರೆದರು. ಹುಡುಗ ಮೂರೇ ಪದದಲ್ಲಿ ಅದನ್ನೇ ಹೇಳಿದ.

ಇದರಲ್ಲಿ ಅಮ್ಮನಿಗೂ ಅನ್ಯಾಯವಾಗುತ್ತದೆ. ದಿನವಿಡೀ ದುಡಿದು ಬಂದು, ಹತ್ತು ಸಲ ಎದ್ದು ಹೋಗಿ ಮಲಗಿಸಿ, ಕೊನೆಗೆ ಕೂಗಾಡಿ, ಆಮೇಲೆ ಕೂಗಾಡಿದ್ದಕ್ಕೆ ನೊಂದುಕೊಳ್ಳುತ್ತಾಳೆ. ಮಗುವಿಗೆ ಇನ್ನೊಂದು ಕೆಟ್ಟ ಪಾಠವೂ ಸಿಗುತ್ತದೆ. ಹಾಸಿಗೆ ಅಂದರೆ ನಿದ್ದೆಯಿಲ್ಲದೆ ಹೊರಳಾಡುವ ಜಾಗ, ಬೈಸಿಕೊಳ್ಳುವ ಜಾಗ ಅಂತ ಮನಸ್ಸಿಗೆ ಕೂತುಬಿಟ್ಟರೆ ಅದನ್ನು ಬಿಡಿಸುವುದು ಶೂ ಕೊಂಡಷ್ಟು ಸುಲಭವಲ್ಲ.

ಸರಿಪಡಿಸುವ ದಾರಿ ಮಲಗುವ ಹೊತ್ತಿನಿಂದ ಶುರುವಾಗುವುದಿಲ್ಲ, ಏಳುವ ಹೊತ್ತಿನಿಂದ ಶುರುವಾಗುತ್ತದೆ. ಬಲವಂತವಾಗಿ ನಿದ್ದೆ ಮಾಡಿಸಲು ಯಾರಿಂದಲೂ ಆಗದು. ಎಬ್ಬಿಸಲು ಆಗುತ್ತದೆ. ಏಳುವ ಹೊತ್ತನ್ನು ದಿನಕ್ಕೆ 15 ನಿಮಿಷದಂತೆ ಬೇಗ ಮಾಡುತ್ತಾ ಬರಬೇಕು. ಮಲಗುವ ಹೊತ್ತು ಒಂದೆರಡು ದಿನ ತಡವಾಗಿ ತಾನೇ ಹಿಂಬಾಲಿಸುತ್ತದೆ. ಎರಡೂವರೆ ಗಂಟೆ ಅಂದರೆ 150 ನಿಮಿಷ. ಲೆಕ್ಕ ಹಾಕಿದರೆ 10 ದಿನ, ನಡುವೆ ಒಂದೆರಡು ದಿನ ತಪ್ಪಿಹೋಗುವುದನ್ನೂ ಸೇರಿಸಿದರೆ ಎರಡು ವಾರ. ಹಾಗಾಗಿ ಕೊನೆಯ ವಾರದಲ್ಲಿ ಶುರು ಮಾಡಿದರೆ ಅರ್ಧ ದಾರಿಯಷ್ಟೇ ಸಾಗುತ್ತದೆ.

ಎಬ್ಬಿಸಿ ಸೋಫಾದ ಮೇಲೆ ಕೂರಿಸಿದರೆ ಏನೂ ಆಗುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕು ಕಣ್ಣಿಗೆ ಬೀಳಬೇಕು. ಬೆಳಗಿನ ಬೆಳಕು ಒಳಗಿನ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಮನೆಯೊಳಗೆ ದೀಪ ಹಾಕಿದರೂ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ದಾಟುವುದಿಲ್ಲ. ಮೋಡ ಕವಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಗಡಿಯಾರಕ್ಕೆ ಚೆನ್ನಾಗಿ ತಿಳಿಯುತ್ತದೆ. ಟೆರೇಸಿನ ಮೇಲೆ ಅರ್ಧ ಗಂಟೆ ಚೆಂಡಾಡಿದರೂ ಸಾಕು, ಗಿಡಕ್ಕೆ ನೀರು ಹಾಕಿದರೂ ಸಾಕು.

ಇಷ್ಟು ಕಷ್ಟ ಯಾಕೆ ಅಂದರೆ, ನಮ್ಮೊಳಗಿನ ಗಡಿಯಾರಕ್ಕೆ ತಡವಾಗುವುದೇ ಸಲೀಸು. 1999ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ನಿದ್ರಾ ಸಂಶೋಧಕ ಚಾರ್ಲ್ಸ್ ಜೈಸ್ಲರ್ ಮತ್ತು ಜೊತೆಗಾರರು ದೊಡ್ಡವರಲ್ಲಿ ಅಳೆದಾಗ ಅದರ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷ ಬಂತು. ಬೆಳಗಿನ ಬೆಳಕು ದಿನಾ ತಿದ್ದದಿದ್ದರೆ ಅದು ತಾನಾಗಿ ಹಿಂದೆ ಬೀಳುತ್ತಾ ಹೋಗುತ್ತದೆ. ರಜೆಯಲ್ಲಿ ಆಗುವುದೂ ಇದೇ. ಬೆಳಗ್ಗೆ ಪರದೆ ಎಳೆದ ಕೋಣೆ, ರಾತ್ರಿ ಕಣ್ಣೆದುರು ಟೀವಿ, ಮೊಬೈಲು. ಯಾರೂ ಏನೂ ತಪ್ಪು ಮಾಡದೆ ಎರಡೂವರೆ ಗಂಟೆ ಜಾರಿಹೋಗುತ್ತದೆ.

ನಾಲ್ಕೇ ದಿನ ಉಳಿದ ಮನೆಗೆ ಒಂದು ಲೆಕ್ಕ ಇದೆ, ತಂಗಿಯ ಪಟ್ಟಿಯ ಕೆಳಗೆ ಅದನ್ನೇ ಬರೆದಿಟ್ಟೆ. ಏಳುವುದು ಗುರುವಾರ 8:15, ಶುಕ್ರವಾರ 7:45, ಶನಿವಾರ 7:15, ಭಾನುವಾರ 6:50, ಸೋಮವಾರ 6:30. ಮಲಗುವ ಹೊತ್ತಿಗೆ ಬಲವಂತ ಬೇಡ. ಗುರುವಾರ 11:15, ಆಮೇಲೆ ದಿನಕ್ಕೆ 20 ನಿಮಿಷದಷ್ಟು ಮುಂಚೆ, ಅಷ್ಟೇ. ಮಲಗುವ ಒಂದೂವರೆ ಗಂಟೆ ಮುಂಚೆ ಹಾಲ್‌ನ ದೊಡ್ಡ ದೀಪ ಆರಿಸಿ ಮೂಲೆಯ ಒಂದು ಹಳದಿ ದೀಪ ಉಳಿಸಬೇಕು. ಮಧ್ಯಾಹ್ನ ಮೂರರ ಮೇಲೆ ಮಲಗಲು ಬಿಡಬಾರದು. ಆ ಹೊತ್ತಿನ ನಿದ್ದೆ ರಾತ್ರಿಗೆ ಬೇಕಾದ ನಿದ್ದೆಯ ಒತ್ತಡವನ್ನು ತಗ್ಗಿಸಿಬಿಡುತ್ತದೆ. ಸೋಮವಾರ ಒಂದೆರಡು ಗಂಟೆ ನಿದ್ದೆ ಕಡಿಮೆಯೇ ಆಗುತ್ತದೆ. ಅವತ್ತು ಸಂಜೆ ಮಗು ಸಿಡುಕಿದರೆ ಅದು ನಿದ್ದೆಯ ಸಿಡುಕು ಎಂದು ತಿಳಿದಿದ್ದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿತು. 6:30ಕ್ಕೆ ಏಳುವ ಮಗು ಒಂಬತ್ತೂವರೆಯೊಳಗೆ ನಿದ್ದೆಯಲ್ಲಿರಬೇಕು, ಹಾಸಿಗೆಯಲ್ಲಿದ್ದರೆ ಸಾಲದು.

ಈ ಹುಡುಗನ ಅಕ್ಕನ ವಿಷಯ ಬೇರೆ. ಅವಳಿಗೆ ಹದಿನಾಲ್ಕು. ರಜೆಯಲ್ಲಿ ರಾತ್ರಿ ಒಂದಕ್ಕೆ ಮಲಗಿ ಹತ್ತಕ್ಕೆ ಏಳುತ್ತಿದ್ದಳು, ಅಪ್ಪ ಎರಡು ತಿಂಗಳೂ ಅವಳನ್ನು ಕರೆದದ್ದು ಒಂದೇ ಹೆಸರಿನಿಂದ: ಸೋಮಾರಿ. ಒಳ್ಳೆಯ ಮನುಷ್ಯ ಅವರು, ಮಕ್ಕಳ ಮೇಲೆ ಜೀವ. ಆದರೂ ಆ ಮಾತು ನನಗೆ ಮೊದಲಿನಿಂದಲೂ ಸರಿಬಂದಿಲ್ಲ. ಪ್ರಾಯಕ್ಕೆ ಬರುವಾಗ ಒಳಗಿನ ಗಡಿಯಾರ ತಾನಾಗಿಯೇ ತಡವಾಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನಿದ್ರಾ ಸಂಶೋಧಕಿ ಮೇರಿ ಕಾರ್ಸ್ಕಡನ್ ದಶಕಗಟ್ಟಲೆ ಇದನ್ನೇ ಅಳೆದಿದ್ದಾರೆ. ಈ ವಯಸ್ಸಿನವರಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ, ಬರುವುದು ಹನ್ನೊಂದರ ಆಸುಪಾಸಿನಲ್ಲಿ. ಅದಕ್ಕಾಗಿಯೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಈ ವಯಸ್ಸಿನವರ ಶಾಲೆ ಬೆಳಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದಿತು. ಇವಳ ಸ್ಕೂಲಿನ ಮೊದಲ ಪೀರಿಯಡ್ಡು 7:45ಕ್ಕೆ. ಹುಡುಗಿಯ ಮೈ ಒಂದು ಹೊತ್ತು ಹೇಳುತ್ತದೆ, ಬೆಲ್ಲು ಇನ್ನೊಂದು ಹೊತ್ತು ಹೇಳುತ್ತದೆ, ನಡುವೆ ಸಿಕ್ಕಿಕೊಂಡವಳಿಗೆ ಸೋಮಾರಿ ಅನ್ನುವ ಹೆಸರು.

ಪಟ್ಟಿಯ ಉಳಿದ ಕೆಲಸಗಳಲ್ಲಿ ಅಪ್ಪನ ಕೈ ನೋಡಬೇಕು. ಪುಸ್ತಕಕ್ಕೆ ಬೈಂಡ್ ಹಾಕುವುದನ್ನು ಅವರಿಂದ ಕಲಿಯಬೇಕು. ಕಾಗದವನ್ನು ಮೇಲೆ ಕೆಳಗೆ 3 ಸೆಂಟಿಮೀಟರ್, ಎರಡೂ ಬದಿಗೆ 6 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. ಮುಚ್ಚಿದ ಪುಸ್ತಕದ ಬೆನ್ನನ್ನು ಕಾಗದದ ನಡುವೆ ಇಟ್ಟು, ಬೆನ್ನಿನ ಎರಡೂ ಅಂಚಿಗೆ ಉಗುರಿನಿಂದ ಗೆರೆ ಎಳೆಯುತ್ತಾರೆ. ಬೆನ್ನಿನ ಮೇಲೂ ಕೆಳಗೂ ಕಾಗದವನ್ನು ಎರಡು ಕಡೆ ಸೀಳಿ, ನಡುವಿನ ತುಂಡನ್ನು ಒಳಕ್ಕೆ ಮಡಚುತ್ತಾರೆ. ಮೊದಲ ಬದಿ ಮಡಚಿ ಆದಮೇಲೆ ಪುಸ್ತಕವನ್ನು ಪೂರ್ತಿ ಮುಚ್ಚಿ, ಆಮೇಲೇ ಎರಡನೇ ಬದಿಯ ಗೆರೆ ಹಾಕುತ್ತಾರೆ. ಬಹಳ ಜನ ತಪ್ಪುವುದು ಇಲ್ಲೇ. ಪುಸ್ತಕ ತೆರೆದಿಟ್ಟು ಎರಡೂ ಬದಿ ಬಿಗಿದರೆ, ಮುಚ್ಚುವಾಗ ಬೆನ್ನಿನ ದಪ್ಪಕ್ಕೆ ಕಾಗದ ಸಾಲದೆ ರಟ್ಟು ಬಾಗುತ್ತದೆ, ಒಂದು ವಾರಕ್ಕೆ ಬೆನ್ನಿನ ಹತ್ತಿರ ಹರಿಯುತ್ತದೆ. ಟೇಪನ್ನು ಕಾಗದಕ್ಕೆ ಕಾಗದ ಸೇರುವಲ್ಲಿ ಮಾತ್ರ ಅಂಟಿಸಬೇಕು, ಪುಸ್ತಕದ ರಟ್ಟಿಗೆ ತಾಗಿದರೆ ತೆಗೆಯುವಾಗ ಬಣ್ಣ ಕಿತ್ತು ಬರುತ್ತದೆ. ಗುರುವಾರ ಸಂಜೆ ಹದಿನಾಲ್ಕು ಪುಸ್ತಕ ಮುಗಿಸಿದರು. ಒಂದರಲ್ಲೂ ಸುಕ್ಕಿಲ್ಲ.

ಶೂ ಕೊಳ್ಳಲು ಸಂಜೆ ಹೋಗುವುದು ಒಳ್ಳೆಯದು, ದಿನವೆಲ್ಲ ಓಡಾಡಿದ ಕಾಲು ತುಸು ಊದಿರುತ್ತದೆ. ಸ್ಕೂಲಿನ ಸಾಕ್ಸ್ ಹಾಕಿಸಿ, ನಿಲ್ಲಿಸಿ, ಎರಡೂ ಕಾಲು ಅಳೆಯಬೇಕು. ಒಂದು ಸಾಮಾನ್ಯವಾಗಿ ದೊಡ್ಡದಿರುತ್ತದೆ, ಅದರ ಅಳತೆಗೇ ಕೊಳ್ಳಬೇಕು. ಉದ್ದನೆಯ ಬೆರಳಿನ ಮುಂದೆ 1 ಸೆಂಟಿಮೀಟರ್ ಜಾಗ ಸಾಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜ್ ದೊಡ್ಡದು ಕೊಂಡರೆ ಹಿಮ್ಮಡಿ ಮೇಲೆ ಕೆಳಗೆ ಜಾರಿ ಗುಳ್ಳೆ ಏಳುತ್ತದೆ. ಹೊಸ ಶೂವನ್ನು ಮನೆಯೊಳಗೆ ನಾಲ್ಕು ದಿನ ಅರ್ಧರ್ಧ ಗಂಟೆ ಹಾಕಿಸಿದರೆ ಎಲ್ಲಿ ಉಜ್ಜುತ್ತದೆ ಅಂತ ಮೊದಲೇ ತಿಳಿಯುತ್ತದೆ.

ಬ್ಯಾಗು ತುಂಬಿದ ಮೇಲೆ ತಕ್ಕಡಿಯ ಮೇಲಿಡಿ. ಮಗುವಿನ ತೂಕದ ಹತ್ತರಲ್ಲಿ ಒಂದು ಭಾಗ ದಾಟದಿದ್ದರೆ ಒಳ್ಳೆಯದು. ಈ ಹುಡುಗ 25 ಕಿಲೋ ಇದ್ದಾನೆ, ಅಂದರೆ ಎರಡೂವರೆ ಕಿಲೋ. ಒಂದು ಲೀಟರ್ ನೀರೇ ಒಂದು ಕಿಲೋ, ಖಾಲಿ ಬ್ಯಾಗೂ ಮುಕ್ಕಾಲು ಕಿಲೋ ಬಂತು, ಪುಸ್ತಕಕ್ಕೆ ಉಳಿದದ್ದು ಎಷ್ಟು ನೋಡಿ. ದಪ್ಪ ಪುಸ್ತಕ ಬೆನ್ನಿನ ಕಡೆಗೆ ಇರಲಿ. ಬಾಟಲಿಯ ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು ನೋಡಿ. ಎರಡು ತಿಂಗಳು ಮುಚ್ಚಿಟ್ಟ ಬಾಟಲಿಯ ಕಪ್ಪು ಬೂಷ್ಟು ಅಡಗಿರುವುದು ಅದರ ಹಿಂದೆ.

ಗುರುವಾರದಿಂದ ರಾತ್ರಿ ಯಾರೂ ಅವನನ್ನು ಒಂಬತ್ತಕ್ಕೆ ಅಟ್ಟಲಿಲ್ಲ. ಮೂಲೆಯ ದೀಪದ ಕೆಳಗೆ ಕೂತು ಪೆನ್ಸಿಲ್‌ಗಳನ್ನು ಚೂಪು ಮಾಡಿ ಡಬ್ಬಿಗೆ ಜೋಡಿಸುತ್ತಿದ್ದ. ಹನ್ನೊಂದಕ್ಕೆ ತಾನೇ ಎದ್ದು ಒಳಗೆ ಹೋದ. ಹತ್ತು ನಿಮಿಷ ಬಿಟ್ಟು ತಂಗಿ ಇಣುಕಿ ನೋಡಿದಳು, ಒಂದು ಕಾಲು ಹೊದಿಕೆಯ ಹೊರಗೆ, ಬಾಯಿ ತೆರೆದು ಮಲಗಿದ್ದ. ಅವಳು ಬಾಗಿಲಲ್ಲೇ ಬಹಳ ಹೊತ್ತು ನಿಂತಳು. “ಮೊನ್ನೆ ಸುಮ್ಮನೆ ಬೈದುಬಿಟ್ಟೆ ಅಕ್ಕ” ಅಂದಳು.

ಇವತ್ತು ಶನಿವಾರ. ಬೆಳಗ್ಗೆ ಏಳೂವರೆಗೆ ಅಪ್ಪ ಮಗಳ ಕೋಣೆಗೆ ಹೋದರು. ಎಂದಿನ ಮಾತು ಬರುತ್ತದೆ ಎಂದು ಅಡುಗೆಮನೆಯಲ್ಲಿ ನಾವಿಬ್ಬರೂ ಕಿವಿಗೊಟ್ಟು ನಿಂತೆವು. ಪರದೆ ಸರಿಸಿದ ಸದ್ದು ಕೇಳಿತು, ಕಿಟಕಿ ತೆಗೆದ ಸದ್ದು ಕೇಳಿತು. ಮತ್ತೇನೂ ಅನ್ನದೆ ಅವರು ಈಚೆ ಬಂದರು.