ಹಾಲಿನ ಹಿಂದಿನ ಗೋಡೆ

ಆಮ್‌ಸ್ಟರ್‌ಡಾಮಿನಲ್ಲಿ ನಮಗೆ ಸಿಕ್ಕಿದ್ದು ಎರಡೇ ದಿನ. ಒಂದು ದಿನ ಕಾಲುವೆಗಳಿಗೆ, ಇನ್ನೊಂದು ದಿನ ರೈಕ್ಸ್‌ಮ್ಯೂಸಿಯಂಗೆ ಅಂತ ಮಗಳು ಮೊದಲೇ ಹಂಚಿಟ್ಟಿದ್ದಳು. ಕಾಲುವೆಗಳ ದಿನ ಬೆಳಗಿನಿಂದಲೇ ಮಳೆ ಹಿಡಿದುಕೊಂಡಿತು. ಆ ದಿನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮಾರನೆಯ ದಿನ ಮೋಡ ಚದುರಿ, ಬಿಸಿಲಿಲ್ಲದ ಒಂದು ಬಿಳಿ ಬೆಳಕು ಊರ ಮೇಲೆ ಹರಡಿಕೊಂಡಿತ್ತು. ಅಂಥ ಬೆಳಕನ್ನು ಹೊರಗೆ ನೋಡಿಕೊಂಡೇ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವೆರ್ಮೀರನ ಚಿತ್ರದ ಮುಂದೆ ಹೋಗಿ ನಿಂತದ್ದು ನನ್ನ ಪುಣ್ಯ.

ಮ್ಯೂಸಿಯಂ ಕಟ್ಟಡ 1885ರದ್ದು, ಪಿಯರ್ ಕೈಪರ್ಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಕೆಂಪು ಇಟ್ಟಿಗೆಯ ಎರಡು ಗೋಪುರಗಳ ನಡುವೆ ಕಮಾನಿನ ದಾರಿಯೊಂದಿದೆ. ಕಟ್ಟಡದ ಹೊಟ್ಟೆಯೊಳಗಿಂದಲೇ ಸೈಕಲ್ಲುಗಳು ಸರಸರ ಹಾದುಹೋಗುತ್ತವೆ. ಹತ್ತು ವರ್ಷ ದುರಸ್ತಿ ನಡೆದು 2013ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗಲೂ ಆ ಸೈಕಲ್ ದಾರಿ ಉಳಿದುಕೊಂಡಿತು. ನಾವು ಹೋದಾಗ ಕಮಾನಿನ ಕೆಳಗೆ ಒಬ್ಬ ಚೆಲ್ಲೋ ನುಡಿಸುತ್ತಿದ್ದ. ಆ ನಾದ ಮೆಟ್ಟಿಲು ಹತ್ತುವವರೆಗೂ ಬೆನ್ನಿಗೇ ಇತ್ತು.

ಎರಡನೆಯ ಮಹಡಿಯ ಉದ್ದನೆಯ ಪಡಸಾಲೆಯ ಕೊನೆಗೆ ರೆಂಬ್ರಾಂಟನ ‘ನೈಟ್ ವಾಚ್’. 1642ರ ಆ ಚಿತ್ರ ನಾಲ್ಕೂವರೆ ಮೀಟರ್ ಅಗಲ. ಮಹಡಿ ಹತ್ತಿದವರ ಕಾಲು ತಾನೇ ತಾನಾಗಿ ಅತ್ತ ಹೊರಳುತ್ತದೆ. ಮಗಳೂ ಅತ್ತಲೇ ನಡೆದಳು. ಪಡಸಾಲೆಯ ಎರಡೂ ಬದಿಗೆ ಗೂಡುಗಳಂಥ ಕೋಣೆಗಳಿವೆ. ಅಂಥದೊಂದರಲ್ಲಿ ನಾನು ಹುಡುಕಿಕೊಂಡು ಬಂದ ವೆರ್ಮೀರನ ‘ಮಿಲ್ಕ್‌ಮೇಡ್’ ಇತ್ತು. ಇಂಗ್ಲಿಷ್ ಹೆಸರು ನೋಡಿ ಹಾಲು ಕರೆಯುವವಳು ಅಂದುಕೊಳ್ಳಬೇಕು. ಆದರೆ ಇವಳು ಮನೆಯೊಂದರ ಅಡುಗೆ ಕೆಲಸದವಳು. ಹೂಜಿಯಿಂದ ಮಣ್ಣಿನ ಪಾತ್ರೆಗೆ ಹಾಲು ಬಗ್ಗಿಸುತ್ತಿದ್ದಾಳೆ.

ಅಷ್ಟು ಸಣ್ಣ ಚಿತ್ರ ಅಂತ ನಾನು ಎಣಿಸಿರಲಿಲ್ಲ. 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಳ್ಳಬಹುದು, ಅಷ್ಟೇ. ಆದರೂ ನನ್ನ ನೆನಪಿನಲ್ಲಿ ಆ ಹೆಂಗಸು ದೊಡ್ಡವಳಾಗಿಯೇ ಉಳಿದಿದ್ದಾಳೆ. ವೆರ್ಮೀರ್ ಅವಳನ್ನು ಸ್ವಲ್ಪ ತಗ್ಗಿನಿಂದ ನೋಡಿದ್ದಾನೆ. ನಮ್ಮ ಕಣ್ಣು ಅವಳ ಕಣ್ಣಿಗಿಂತ ಕೆಳಗಿದೆ. ಮೇಜಿನ ಆಚೆ ಅವಳು ಕಂಬದಂತೆ ಎದ್ದು ನಿಲ್ಲುವುದು ಅದರಿಂದ.

ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ಸಿಲ್ ಇತ್ತು. ನಾನು ಕಲಾವಿದೆಯಲ್ಲ. ಗೀಚುವುದು ನೋಡುವುದಕ್ಕಾಗಿ ಮಾತ್ರ. ಬರೀ ಕಣ್ಣಿಗೆ ಬಿಟ್ಟರೆ ಅದು ಎರಡು ನಿಮಿಷಕ್ಕೆ ‘ಆಯಿತು’ ಅಂದುಬಿಡುತ್ತದೆ. ಕೈಗೆ ಕೆಲಸ ಕೊಟ್ಟರೆ ಮಾತ್ರ ಕಣ್ಣು ನಿಲ್ಲುತ್ತದೆ.

ಮೊದಲು ಗೀಚಿದ್ದು ಚೌಕಟ್ಟು, ಆಮೇಲೆ ಕಣ್ಣು ಓಡುವ ದಾರಿ. ಎಡಗಡೆ ಮೇಲೆ ಕಿಟಕಿ. ಅಲ್ಲಿಂದ ಬೆಳಕು ಇಳಿದು ಅವಳ ಬಿಳಿ ತಲೆವಸ್ತ್ರಕ್ಕೆ, ಹಣೆಗೆ, ಹಳದಿ ಕುಪ್ಪಸಕ್ಕೆ ತಾಗುತ್ತದೆ. ತಗ್ಗಿದ ಅವಳ ಕಣ್ಣು ನಮ್ಮ ಕಣ್ಣನ್ನು ಕೆಳಗೆ ಕಳಿಸುತ್ತದೆ. ತೋಳಿನ ಗುಂಟ ಇಳಿದರೆ ಹೂಜಿ, ಹೂಜಿಯ ಬಾಯಿ, ಹಾಲು. ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಇದು ನನ್ನ ಕಲ್ಪನೆ ಮಾತ್ರವಲ್ಲ ಅನ್ನುವುದಕ್ಕೆ ಒಂದು ಗುರುತೂ ಇದೆ. ಕಿಟಕಿಯ ಅಡ್ಡಗೆರೆಗಳನ್ನು ಮುಂದಕ್ಕೆಳೆದರೆ ಅವು ಬಂದು ಕೂಡುವುದು ಅವಳ ಬಲಗೈಯ ತುಸು ಮೇಲೆ. ಆ ಜಾಗದಲ್ಲಿ ಬಣ್ಣದ ಪದರದಲ್ಲಿ ಸೂಜಿ ಚುಚ್ಚಿದ ತೂತು ಸಿಕ್ಕಿದೆ. ವೆರ್ಮೀರ್ ಅಲ್ಲಿ ಸೂಜಿ ನೆಟ್ಟು, ಸುಣ್ಣ ಸವರಿದ ದಾರ ಕಟ್ಟಿ, ಅದನ್ನು ಮೀಟಿ ಕ್ಯಾನ್ವಾಸಿನ ಮೇಲೆ ನೇರಗೆರೆಗಳನ್ನು ಮೂಡಿಸಿಕೊಳ್ಳುತ್ತಿದ್ದನೆಂದು ತಜ್ಞರು ಹೇಳುತ್ತಾರೆ. ಇಡೀ ಕೋಣೆ ಕಟ್ಟಿಕೊಂಡಿರುವುದು ಕೆಲಸ ಮಾಡುತ್ತಿರುವ ಆ ಕೈಯ ಸುತ್ತ.

ಹಾಲನ್ನು ಹತ್ತಿರದಿಂದ ನೋಡಿದೆ. ಹೂಜಿಯ ಒಳಗೆ ಕತ್ತಲು. ಅಂಚಿಗೆ ಬಂದಲ್ಲಿ ಬೆಳ್ಳಗೆ ಒಂದು ಕಮಾನು, ಅಲ್ಲಿಂದ ಸಣ್ಣ ಎಳೆಯಾಗಿ ಇಳಿಯುತ್ತದೆ. ದಾರದಷ್ಟೇ ದಪ್ಪ. ಇಡೀ ಚಿತ್ರದಲ್ಲಿ ಚಲಿಸುವುದು ಅದೊಂದೇ. ಅವಳು ಅವಸರ ಮಾಡಿದರೆ ಹೊರಗೆ ಚೆಲ್ಲುತ್ತದೆ, ಹಾಗಾಗಿ ಮೈಯೆಲ್ಲ ಆ ಎಳೆಗೆ ಹೊಂದಿಕೊಂಡು ನಿಂತಿದೆ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಹೂಜಿಯ ತಳಕ್ಕೆ ಆಸರೆ. ಕುಪ್ಪಸದ ತೋಳು ಮೇಲಕ್ಕೆ ಮಡಚಿದೆ. ಬಟ್ಟೆ ಮುಚ್ಚಿಕೊಂಡಿರುತ್ತಿದ್ದ ಭಾಗ ಬೆಳ್ಳಗಿದ್ದರೆ ಮುಂಗೈ ಬಿಸಿಲಿಗೆ, ನೀರಿಗೆ ಒಡ್ಡಿಕೊಂಡು ಕೆಂಪಗೆ ಒರಟಾಗಿದೆ. ಈ ಎರಡು ಬಣ್ಣದ ನಡುವಿನ ಗೆರೆಯನ್ನು ಕಂಡಾಗ ನನಗೆ ಗಂಟಲು ಕಟ್ಟಿತು. ಇವಳ ದಿನದ ಕೆಲಸವನ್ನು ಅವನು ನೋಡಿದ್ದ.

ಬುಟ್ಟಿಯಲ್ಲೂ ಮೇಜಿನ ಮೇಲೂ ಬ್ರೆಡ್ಡಿದೆ. ದೂರಕ್ಕೆ ಗರಿಗರಿ ಹೊರಮೈ ಕಾಣುತ್ತದೆ. ಹತ್ತಿರ ಹೋದರೆ ಅದು ಬ್ರೆಡ್ಡಾಗಿ ಉಳಿಯುವುದಿಲ್ಲ, ಬಿಳಿ, ಹಳದಿ ಚುಕ್ಕಿಗಳ ಮೊತ್ತವಾಗುತ್ತದೆ. ಕೆಲವು ಚುಕ್ಕಿಗಳು ಬ್ರೆಡ್ಡಿನ ಆಕಾರಕ್ಕೂ ಜಗ್ಗದೆ ಅದರ ಮೇಲೆ ತೇಲುತ್ತಿರುವ ಹಾಗಿವೆ. ಅವು ವಸ್ತುವಿನ ಗುರುತಿಗಿಂತ ಹೆಚ್ಚಾಗಿ ಬೆಳಕಿನ ಹನಿಗಳು. ಒಣಗಿದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಏನೋ ಬೇಯಿಸಲು ಹೊರಟಿದ್ದಾಳೆ ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಅಷ್ಟು ಜೋಪಾನವಾಗಿ ಅಳತೆ ನೋಡಿ ಹಾಲು ಬಗ್ಗಿಸುತ್ತಿರುವ ರೀತಿಗೆ ಅದು ಹೊಂದುತ್ತದೆ.

ಅಷ್ಟು ಹೊತ್ತಿಗೆ ನೈಟ್ ವಾಚ್ ಮುಗಿಸಿ ಮಗಳು ಬಂದಳು. ನನ್ನ ನೋಟ್‌ಬುಕ್ಕನ್ನು ಇಣುಕಿ, “ಅಮ್ಮಾ, ಬಲಗಡೆ ಅರ್ಧ ಖಾಲಿ ಬಿಟ್ಟಿದ್ದೀಯಲ್ಲ?” ಅಂದಳು.

“ಅಲ್ಲಿ ಏನೂ ಇಲ್ಲವಲ್ಲೇ, ಬರೀ ಗೋಡೆ” ಅಂದೆ.

“ಬರೀ ಗೋಡೇನಾ? ಸರಿಯಾಗಿ ನೋಡು.”

ನೋಡಿದೆ. ಅಲ್ಲಿಂದ ಮುಂದಿನ ಒಂದು ಗಂಟೆ ನಾನು ಹಾಲನ್ನೂ ಹೆಂಗಸನ್ನೂ ಬಿಟ್ಟು ಆ ಗೋಡೆಯನ್ನೇ ನೋಡಿದೆ.

ಗೋಡೆಯಲ್ಲಿ ಮೇಲೆ ಒಂದು ಮೊಳೆ ಇದೆ. ಆ ಮೊಳೆಗೆ ನೆರಳಿದೆ. ಅಲ್ಲಲ್ಲಿ ಮೊಳೆ ಕಿತ್ತ ತೂತುಗಳು. ತೂತಿನ ಅಂಚಿನಲ್ಲಿ ಗಾರೆ ಉದುರಿದೆ, ಅದರ ಪಕ್ಕ ಬೆಳಕು ತಾಗಿದ ಸಣ್ಣ ಬಿಳಿ ಚುಕ್ಕೆ. ಬಿರುಕು, ಕಲೆ, ಏನೋ ಉಜ್ಜಿ ಮಾಸಿದ ಗುರುತು. ಕಿಟಕಿಯಲ್ಲೂ ಒಂದು ಗಾಜು ಒಡೆದಿದೆ. ಒಂದು ಕಾಲಕ್ಕೆ ಇಲ್ಲಿ ಏನೇನೋ ನೇತಾಡುತ್ತಿತ್ತು, ಯಾರೋ ತೆಗೆದರು, ಬೇರೆ ಕಡೆ ಹೊಡೆದರು. ಒಂದು ಮನೆಯ ವರ್ಷಗಳೆಲ್ಲ ಆ ತೂತುಗಳಲ್ಲಿವೆ. ಇಷ್ಟನ್ನೂ ಅವನು ಅಕ್ಕಿಕಾಳಿಗಿಂತ ಸಣ್ಣ ಜಾಗಗಳಲ್ಲಿ ಬರೆದಿದ್ದಾನೆ.

ಇನ್ನು ಗೋಡೆಯ ಬಣ್ಣ. ಬಿಳಿ ಗೋಡೆ ಅಂತೀವಿ, ಆದರೆ ಬಿಳಿ ಅನ್ನುವುದು ಬಲಗಡೆ ಒಂದು ಪಟ್ಟಿಯಷ್ಟೇ ಇದೆ. ಕಿಟಕಿಯ ಬದಿಯ ಮೂಲೆಯಲ್ಲಿ ಗೋಡೆ ಬೂದು, ತಗ್ಗಿನಲ್ಲಿ ಕಂದು, ನಡುವೆ ಎಲ್ಲೋ ತಿಳಿನೀಲಿಯ ಸುಳಿವು. ಸೀಸದ ಬಿಳಿ, ಅಂಬರ್ ಎಂಬ ಕಂದು ಮಣ್ಣು, ಇದ್ದಿಲ ಕಪ್ಪು, ಇವಿಷ್ಟನ್ನು ಹೆಚ್ಚು ಕಡಿಮೆ ಬೆರೆಸಿ ಆ ಗೋಡೆ ಆಗಿದೆ. ಕಿಟಕಿಗೆ ತಾಗಿಕೊಂಡ ಭಾಗ ಕತ್ತಲಾಗಿ, ದೂರದ ಭಾಗ ಬೆಳಗುವುದು ಮೊದಲು ವಿಚಿತ್ರ ಅನಿಸಿತು. ಆಮೇಲೆ ಹೊಳೆಯಿತು: ಕಿಟಕಿಗೆ ತೀರ ಒತ್ತಿಕೊಂಡ ಗೋಡೆಗೆ ಬೆಳಕು ನೇರ ಬೀಳುವುದಿಲ್ಲ, ಜಾರಿಹೋಗುತ್ತದೆ.

ಇದರಿಂದ ಅವನಿಗೆ ಒಂದು ದೊಡ್ಡ ಉಪಕಾರವಾಗಿದೆ. ಹೆಂಗಸಿನ ಎಡಬದಿ, ಅಂದರೆ ನಮಗೆ ಎಡಕ್ಕೆ ಕಾಣುವ ಬದಿ, ಬೆಳಕಿನಲ್ಲಿದೆ. ಅದರ ಹಿಂದೆ ಮಬ್ಬು ಗೋಡೆ. ಬಲಬದಿ ನೆರಳಿನಲ್ಲಿದೆ, ಅದರ ಹಿಂದೆ ಬೆಳಗುವ ಗೋಡೆ. ಬೆಳಕಿಗೆ ಕತ್ತಲು, ಕತ್ತಲಿಗೆ ಬೆಳಕು. ಅವಳು ಗೋಡೆಯಿಂದ ಕಿತ್ತು ಮುಂದಕ್ಕೆ ಬಂದ ಹಾಗೆ ಕಾಣುವ ಗುಟ್ಟು ಇಲ್ಲಿದೆ. ಅಷ್ಟೂ ಸಾಲದೆಂದು ಬಲಗಡೆ ಅವಳ ಮೈಯಂಚಿನ ಗುಂಟ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಎಳೆದಿದ್ದಾನೆ. ನಿಜ ಜೀವನದಲ್ಲಿ ಯಾರ ಸುತ್ತಲೂ ಅಂಥ ಗೆರೆ ಇರುವುದಿಲ್ಲ. ಗೆರೆ ಅಂತ ಗೊತ್ತಾಗದೆ ಅವಳ ಸುತ್ತ ಗಾಳಿ ಇರುವ ಭಾವ ಬರುತ್ತದೆ. ನಾನು ಕತ್ತು ಓರೆ ಮಾಡಿ, ಮುಂದೆ ಬಗ್ಗಿ, ಹಿಂದೆ ಸರಿದು ಆ ಗೆರೆಯನ್ನು ಹುಡುಕಿಕೊಂಡೆ. ಒಮ್ಮೆ ಕಂಡ ಮೇಲೆ ಮರೆಯಲು ಆಗಲಿಲ್ಲ.

ಈ ಗೋಡೆ ಮೊದಲು ಖಾಲಿಯಾಗಿರಲಿಲ್ಲ. 2022ರಲ್ಲಿ ಮ್ಯೂಸಿಯಂನ ಸಂಶೋಧಕರು ಹೊಸ ಸ್ಕ್ಯಾನಿಂಗ್ ವಿಧಾನಗಳಲ್ಲಿ ಬಣ್ಣದ ಅಡಿಯನ್ನು ನೋಡಿದಾಗ ಅವಳ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಮರದ ಪಟ್ಟಿಯೊಂದು ಕಂಡಿತು. ಕೆಳಗೆ ಬಲಮೂಲೆಯಲ್ಲಿ ಬೆತ್ತದಂತೆ ಹೆಣೆದ ದೊಡ್ಡ ಬುಟ್ಟಿ. ಆ ಕಾಲದಲ್ಲಿ ಅಂಥ ಬುಟ್ಟಿಯೊಳಗೆ ಕೆಂಡದ ಪಾತ್ರೆ ಇಟ್ಟು ಹಸುಗೂಸುಗಳನ್ನು ಬೆಚ್ಚಗಿಡುತ್ತಿದ್ದರು, ಅವುಗಳ ಬಟ್ಟೆ ಒಣಗಿಸುತ್ತಿದ್ದರು. ವೆರ್ಮೀರನ ಮನೆಗೂ ಅದು ಬೇಕಾದ ವಸ್ತುವೇ. ಅವನಿಗೂ ಹೆಂಡತಿ ಕ್ಯಾಥರೀನಾಗೂ ಬದುಕುಳಿದ ಮಕ್ಕಳೇ ಹನ್ನೊಂದು. ಹೂಜಿಗಳ ಪಟ್ಟಿಯನ್ನೂ ಬುಟ್ಟಿಯನ್ನೂ ಅವನೇ ಬಣ್ಣ ಬಳಿದು ಅಳಿಸಿದ. ಇದ್ದಿದ್ದರೆ ಇದು ಒಂದು ಅಚ್ಚುಕಟ್ಟಾದ ಅಡುಗೆಮನೆಯ ಚಿತ್ರವಾಗುತ್ತಿತ್ತು, ನಮ್ಮ ಕಣ್ಣು ಪಾತ್ರೆ ಎಣಿಸುತ್ತಾ ಸುತ್ತುತ್ತಿತ್ತು. ಅಳಿಸಿದ್ದರಿಂದ ಅವಳಿಗೆ ಜಾಗ ಸಿಕ್ಕಿತು.

ಬುಟ್ಟಿಯ ಜಾಗದಲ್ಲಿ ಈಗಿರುವುದು ಮರದ ಸಣ್ಣ ಪೆಟ್ಟಿಗೆ, ಮೇಲ್ಮೈಯಲ್ಲಿ ತೂತುಗಳು. ಅದೇನೆಂದು ಮಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಡಚ್ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ವಿವರಿಸಿದರು. ಅದಕ್ಕೆ ‘ಸ್ಟೋಫ್’ ಎಂದು ಹೆಸರು. ಒಳಗೆ ಕೆಂಡದ ಬಟ್ಟಲು ಇಟ್ಟು ಅದರ ಮೇಲೆ ಪಾದ ಊರಿದರೆ ಚಳಿ ಹೋಗುತ್ತದೆ. ತಮ್ಮ ಅಜ್ಜಿಯ ಹತ್ತಿರ ಒಂದಿತ್ತಂತೆ. ಹೇಳುತ್ತಾ ತಮ್ಮ ಪಾದವನ್ನು ನೆಲದಿಂದ ತುಸು ಎತ್ತಿ, ಇಲ್ಲದ ಪೆಟ್ಟಿಗೆಯ ಮೇಲಿಟ್ಟು ತೋರಿಸಿದರು. ಪೆಟ್ಟಿಗೆಯ ಹಿಂದಿನ ಡೆಲ್ಫ್ಟ್ ಟೈಲುಗಳಲ್ಲಿ ಬಿಲ್ಲು ಹಿಡಿದ ಪ್ರೇಮದೇವತೆ ಕ್ಯುಪಿಡ್ ಇದ್ದಾನೆ, ಇನ್ನೊಂದರಲ್ಲಿ ಕೋಲು ಹಿಡಿದ ಮನುಷ್ಯ. ಕ್ಯುಪಿಡ್ಡು, ಕೆಂಡ ಎರಡನ್ನೂ ಸೇರಿಸಿ ಇವಳ ಮನಸ್ಸಿನಲ್ಲಿ ಯಾರೋ ಇದ್ದಾರೆ ಎಂದು ಓದುವ ವಿದ್ವಾಂಸರಿದ್ದಾರೆ. ಅಂದಿನ ಡಚ್ ಚಿತ್ರಗಳಲ್ಲಿ ಅಡುಗೆಯವಳೆಂದರೆ ಚೆಲ್ಲಾಟದವಳು ಎಂದು ತೋರಿಸುವ ರೂಢಿಯೂ ಇತ್ತು. ನನಗೆ ಆ ಮುಖದಲ್ಲಿ ಅದು ಕಾಣಲಿಲ್ಲ. ಅಲ್ಲಿ ಕಂಡಿದ್ದು ಹಾಲಿನ ಮೇಲಿನ ಗಮನ. ಮನಸ್ಸಿನಲ್ಲಿ ಬೇರೆ ಏನಿದ್ದರೂ ಅದು ಅವಳಿಗೆ ಸೇರಿದ್ದು ಎಂದು ಚಿತ್ರಕಾರ ಬಿಟ್ಟುಕೊಟ್ಟಿದ್ದಾನೆ.

ಅವಳ ಏಪ್ರನ್ನಿನ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆದದ್ದು. ಆ ಕಲ್ಲು ಅಫ್ಘಾನಿಸ್ತಾನದ ಬದಕ್‌ಶಾನ್ ಬೆಟ್ಟಗಳಿಂದ ಬರುತ್ತಿತ್ತು. ಅಂದಿಗೆ ಅತ್ಯಂತ ದುಬಾರಿ ಬಣ್ಣಗಳಲ್ಲಿ ಅದೊಂದು. ರಾಣಿಯರಿಗೂ ದೇವಮಾತೆಗೂ ಉಡಿಸುತ್ತಿದ್ದ ನೀಲಿಯನ್ನು ಕೆಲಸದವಳ ಸೊಂಟಕ್ಕೆ ಸುತ್ತಿದ್ದಾನೆ. ಮನೆಯಲ್ಲಿ ಹಣ ತುಂಬಿ ತುಳುಕುತ್ತಿದ್ದವನೇನಲ್ಲ. 1675ರಲ್ಲಿ, 43ನೇ ವಯಸ್ಸಿಗೆ ತೀರಿಹೋದಾಗ ಉಳಿದದ್ದು ಸಾಲ. ಬ್ರೆಡ್ಡಿನ ಬಾಕಿಯೇ ಅಂದಿನ ಡಚ್ ನಾಣ್ಯದಲ್ಲಿ 600 ಗಿಲ್ಡರಿಗೂ ಮೇಲಿತ್ತು. ಅದಕ್ಕಾಗಿ ಕ್ಯಾಥರೀನಾ ಬೇಕರಿಯವನಿಗೆ ಗಂಡನ ಎರಡು ಚಿತ್ರಗಳನ್ನು ಕೊಡಬೇಕಾಯಿತು. ಇದು ನೆನಪಾದ ಮೇಲೆ ಮೇಜಿನ ಮೇಲಿನ ಆ ಹೊಳೆಯುವ ಬ್ರೆಡ್ಡನ್ನು ಮತ್ತೆ ಮೊದಲಿನಂತೆ ನೋಡಲು ನನಗೆ ಸಾಧ್ಯವಾಗಲಿಲ್ಲ. ಈ ಚಿತ್ರ 1696ರ ಹರಾಜಿನಲ್ಲಿ 175 ಗಿಲ್ಡರಿಗೆ ಹೋಯಿತು. ರೈಕ್ಸ್‌ಮ್ಯೂಸಿಯಂಗೆ ಬಂದದ್ದು 1908ರಲ್ಲಿ.

ಹತ್ತಿರದಲ್ಲೇ ಅವನ ‘ಲಿಟಲ್ ಸ್ಟ್ರೀಟ್’ ಇತ್ತು. ಬೇರೆ ದಿನವಾಗಿದ್ದರೆ ನಾನು ಅದರಲ್ಲಿ ಬಾಗಿಲಲ್ಲಿ ಕೂತು ಹೊಲಿಯುವ ಹೆಂಗಸನ್ನು ಮೊದಲು ನೋಡುತ್ತಿದ್ದೆನೇನೋ. ಆ ದಿನ ಕಣ್ಣು ಹೋದದ್ದು ಇಟ್ಟಿಗೆಗಳಿಗೆ: ಬಿರುಕು ಬಿಟ್ಟು ಮತ್ತೆ ಗಾರೆ ತುಂಬಿದ ಸಂದುಗಳು, ಕೆಳಭಾಗಕ್ಕೆ ಬಳಿದ ಸುಣ್ಣ. ನೀಲಿ ಅಂಗಿಯ ಹೆಂಗಸು ಪತ್ರ ಓದುವ ಚಿತ್ರದಲ್ಲೂ ಗೋಡೆಯೇ ಮೊದಲು ಕಂಡಿತು. ಅಲ್ಲಿ ಗೋಡೆಗೆ ಭೂಪಟ ತೂಗುಹಾಕಿದೆ, ಬಿಳಿಯೊಳಗೆ ನೀಲಿ ಬೆರೆತು ತಣ್ಣಗಿದೆ.

ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತಾರೆ. ಇನ್ನೂ ಕಾಲು ಗಂಟೆ ಇರುವಾಗ ಕಾವಲಿನವರು ಒಂದೊಂದೇ ಕೋಣೆಯಿಂದ ಜನರನ್ನು ಸಾಗಹಾಕತೊಡಗಿದರು. ಫೋನ್ ಎತ್ತಿ ನಿಂತಿದ್ದ ಗುಂಪು ಕರಗಿ, ಚಿತ್ರದ ಮುಂದೆ ಎರಡು ನಿಮಿಷ ನಾವಿಬ್ಬರೇ ಉಳಿದೆವು. ಮಗಳು ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು, “ಮುಗೀತಾ ಅಮ್ಮಾ?” ಅಂದಳು.

“ಒಂದೇ ಒಂದು ನಿಮಿಷ ಕಣೇ.”

ನೋಟ್‌ಬುಕ್ಕಿನ ಬಲಗಡೆಯ ಖಾಲಿ ಜಾಗದಲ್ಲಿ, ಮೇಲೆ, ಒಂದು ಸಣ್ಣ ಗೀಟು ಎಳೆದೆ. ಅದು ಮೊಳೆ. ಬೆಳಕು ಯಾವ ಕಡೆಯಿಂದ ಬರುತ್ತದೆಂದು ಇನ್ನೊಮ್ಮೆ ಚಿತ್ರ ನೋಡಿ ಖಚಿತಪಡಿಸಿಕೊಂಡು, ಅದರ ಬಲಕ್ಕೆ ನೆರಳು ಹಾಕಿದೆ.