ಎಡಗೈ ಬಿಡ್ರಿ, ಬಲಗೈ ಕೇಳ್ರಿ

ಹೋದ ಭಾನುವಾರ ಸಂಜಿಮುಂದ ಬಳ್ಳಾರಿ ಕೌಲ್ ಬಜಾರ್‌ನಾಗ ನಮ್ಮ ದೋಸ್ತನ ಜೀನ್ಸ್ ಯೂನಿಟ್‌ನಾಗ ಕುಂತಿದ್ವಿ. ನಾಕು ಮಂದಿ, ನಡುವ ಪೇಪರ್ ಮ್ಯಾಲೆ ಒಗ್ಗರಣಿ ಮಿರ್ಚಿ, ಕಟಿಂಗ್ ಟೇಬಲ್ ಮ್ಯಾಲೆ ಬ್ಲೂಟೂತ್ ಸ್ಪೀಕರ್, ಅದ್ರಾಗ ಮೆಟಾಲಿಕಾ, ಅಮೆರಿಕಾದ ಹೆವಿ ಮೆಟಲ್ ಬ್ಯಾಂಡು. ಇಪ್ಪತ್ತು ವರ್ಷದಿಂದ ನಮ್ದು ಇದೇ ಜಗಳ, ಊರು ಬಿಟ್ಟೋದವ್ರು ಹಬ್ಬಕ್ಕ ಬಂದ್ರೂ ಇದೇ ಜಗಳ, ಆದ್ರ ಈ ಸಲ ಆಗಿದ್ದನ್ನ ಬರೀಲೇಬೇಕು ಅನ್ನಿಸ್ತು, ಯಾಕಂದ್ರ ನಾನು ಎಷ್ಟೋ ವರ್ಷದಿಂದ ಹೇಳಕ್ಕ ಒದ್ದಾಡ್ತಿದ್ದ ಮಾತು ಅವತ್ತು ಬಾಯಿಗೆ ಸರಿಯಾಗಿ ಬಂತು.

ಶುರು ಆಗಿದ್ದು ಹಿಂಗ. 72 ಸೀಸನ್ಸ್ ಆಲ್ಬಮ್ ಹಾಕಿದ್ವಿ, 2023ರ ಏಪ್ರಿಲ್‌ನಾಗ ಬಂದಿದ್ದು. ಸೋಲೋ, ಅಂದ್ರ ಒಂದೇ ಗಿಟಾರ್ ಮುಂದ ಬಂದು ಬಾರ್ಸೋ ತುಂಡು, ಬಂದ ಕೂಡ್ಲೇ ದೋಸ್ತ ಮುಖ ಸಿಂಡರಿಸ್ದ. "ಮತ್ತ ಅದೇ ವಾ ಪೆಡಲ್, ಮತ್ತ ಅದೇ ನಾಕು ಸ್ವರ, ಕರ್ಕ್ ಹ್ಯಾಮೆಟ್ ಮುಗುದ್ ಹೋದ ಲೇ, ಬ್ಯಾಂಡೂ ಅವನ ಜೊತಿಗೇ ಮುಗೀತು" ಅಂದ. ಕರ್ಕ್ ಅಂದ್ರ ಬ್ಯಾಂಡಿನಾಗ ಸೋಲೋ ಬಾರ್ಸೋ ಗಿಟಾರಿಸ್ಟ್, ವಾ ಪೆಡಲ್ ಅಂದ್ರ ಕಾಲಿಂದ ಒತ್ತಿ ಗಿಟಾರ್‌ನ 'ವಾ ವಾ' ಅನ್ಸೋದು. ದೋಸ್ತನ ಪ್ರಕಾರ 1988ರ ಜಸ್ಟಿಸ್ ಆಲ್ಬಮ್ ಆದಮ್ಯಾಲೆ ಇವ್ರು ಮಾಡಿದ್ದೆಲ್ಲಾ ವ್ಯರ್ಥ. ಇನ್ನೊಬ್ಬ ಬ್ಲ್ಯಾಕ್ ಆಲ್ಬಮ್ ತನಕ ಒಪ್ಕೋತಾನ, 1991. ಮೂರನೇದವ್ನು ದೋಸ್ತನ ಅಕ್ಕನ ಮಗ, ಇಂಜಿನಿಯರಿಂಗ್ ಓದೋ ಹುಡುಗ, 2022ರಾಗ ಸ್ಟ್ರೇಂಜರ್ ಥಿಂಗ್ಸ್ ಸೀರೀಸ್‌ನಾಗ ಇವ್ರ ಮಾಸ್ಟರ್ ಆಫ್ ಪಪೆಟ್ಸ್ ಹಾಡು ಕೇಳಿ ಈ ಕಡಿ ಬಂದವ್ನು. ಅವನಿಗೆ ಎಲ್ಲಾ ಆಲ್ಬಮ್ಮೂ ಒಂದೇ ಸಲ ಸಿಕ್ಕಾವ, ಹಂಗಾಗಿ ಅವನಿಗೆ ಯಾವ ವರ್ಷದ ಮ್ಯಾಲೂ ಸಿಟ್ಟಿಲ್ಲ. ಅದೊಂದು ಪುಣ್ಯ ಅಂತ ನನಗ ಅನ್ನಿಸ್ತೈತಿ.

ಈ ಬ್ಯಾಂಡ್ ಬಗ್ಗೆ ಮಾತು ಬಂದ್ರ ಎಲ್ರೂ ಸೋಲೋ ಬಗ್ಗೆನೇ ಮಾತಾಡ್ತಾರ, ಅಂದ್ರ ಎಡಗೈ ಬಗ್ಗೆ. ಫ್ರೆಟ್, ಅಂದ್ರ ಗಿಟಾರ್ ಕತ್ತಿನ ಪಟ್ಟಿ, ಮ್ಯಾಲೆ ಬೆರಳು ಎಷ್ಟು ಜೋರು ಓಡ್ತಾವ, ಕರ್ಕ್ ಚೊಲೋನೋ ಅವನಿಗಿಂತ ಮೊದಲಿದ್ದ ಡೇವ್ ಮಸ್ಟೇನ್ ಚೊಲೋನೋ, 1983ರಾಗ ಮಸ್ಟೇನ್‌ನ ತೆಗೀದಿದ್ರ ಏನಾಗ್ತಿತ್ತು, ಬರೇ ಇದೇ. ನಾನು ಹೇಳೋದು ಏನಂದ್ರ ಮೆಟಾಲಿಕಾ ಜೀವ ಇರೋದು ಹಾಡ್ತಾ ಗಿಟಾರ್ ಬಾರ್ಸೋ ಜೇಮ್ಸ್ ಹೆಟ್‌ಫೀಲ್ಡ್ ಬಲಗೈಯಾಗ. ಈ ಬ್ಯಾಂಡ್ ನಲವತ್ತು ವರ್ಷದಾಗ ಹೆಂಗ ಬದಲಾತು, ಎಲ್ಲಿ ಎಡವಿತು, ಎಲ್ಲಿ ಎದ್ದು ನಿಂತಿತು ಅಂತ ತಿಳೀಬೇಕಂದ್ರ ಆ ಬಲಗೈ ಒಂದನ್ನೇ ಹಿಡ್ಕೊಂಡು ಕೇಳ್ಕೊಂಡು ಹೋಗ್ರಿ, ಎಲ್ಲಾ ಗೊತ್ತಾಗ್ತೈತಿ.

ಗಿಟಾರ್ ಗೊತ್ತಿಲ್ದವ್ರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಾಮಾನ್ಯವಾಗಿ ಜೋರಾಗಿ ಬಾರ್ಸುವಾಗ ಪಿಕ್, ಅಂದ್ರ ತಂತಿ ಮೀಟೋ ಸಣ್ಣ ಬಿಲ್ಲೆ, ಕೆಳಗ ಒಂದ್ಸಲ ಮ್ಯಾಲೆ ಒಂದ್ಸಲ ಹೋಗ್ತೈತಿ, ಅದು ಸುಲಭ, ಕೈಗೆ ದಣಿವು ಕಡಿಮಿ. ಹೆಟ್‌ಫೀಲ್ಡ್ ಹೆಚ್ಚಾಗಿ ಹಂಗ ಮಾಡಂಗಿಲ್ಲ, ಬರೇ ಕೆಳಗ, ಕೆಳಗ, ಕೆಳಗ. ಇದನ್ನ ಡೌನ್ ಪಿಕಿಂಗ್ ಅಂತಾರ. ಅದರ ಜೊತಿಗೆ ಅಂಗೈ ಅಂಚನ್ನ ಬ್ರಿಡ್ಜ್, ಅಂದ್ರ ತಂತಿ ಕುಂದ್ರೋ ಕೆಳಗಿನ ತುದಿ, ಹತ್ರ ತಂತಿ ಮ್ಯಾಲೆ ಇಟ್ಟು ಸೌಂಡ್ ಅದುಮ್ತಾನ, ಆಗ ತಂತಿ 'ಟಣ್' ಅನ್ನಂಗಿಲ್ಲ, 'ಢಗ್ ಢಗ್' ಅಂತೈತಿ. ಮಾಸ್ಟರ್ ಆಫ್ ಪಪೆಟ್ಸ್ ಹಾಡು ನಿಮಿಷಕ್ಕ ಹೆಚ್ಚುಕಮ್ಮಿ 210 ಬೀಟ್ ಐತಿ, ಒಂದು ಬೀಟಿಗೆ ಎರಡು ಏಟು ಅಂದ್ರ ಸೆಕೆಂಡಿಗೆ ಏಳು ಸಲ ಆ ಕೈ ಕೆಳಗ ಬಡೀಬೇಕು, ಪ್ರತಿ ಏಟೂ ಒಂದೇ ತೂಕ. ಎಂಟೂವರೆ ನಿಮಿಷದ ಹಾಡು. ಅದ್ರಾಗ ಹಾಡೂ ಅವನೇ ಹಾಡ್ಬೇಕು.

ನನಗ ಇದು ತಲಿಗೆ ಹೊಕ್ಕಿದ್ದು ಆ ಯೂನಿಟ್‌ನಾಗೇ. ಎರಡ್ಸಾವಿರದ ಇಸವಿ ಸುಮಾರಿಗೆ ನಾವು ಕಾಲೇಜು ಹುಡುಗ್ರು, ದೋಸ್ತನ ಅಪ್ಪಾಜಿ ಆಗ ಯೂನಿಟ್ ನಡೆಸ್ತಿದ್ರು, ಒಳಗ ಹತ್ತು ಹನ್ನೆರಡು ಸಿಂಗಲ್ ನೀಡಲ್ ಮಷಿನ್ ಒಂದೇ ಸಮ ಓಡ್ತಿದ್ವು, ಪೀಸ್ ಲೆಕ್ಕದ ಕೆಲಸ, ಯಾರೂ ತಲಿ ಎತ್ತಂಗಿಲ್ಲ. ಒಂದು ಮೂಲ್ಯಾಗ ಟೇಪ್ ರೆಕಾರ್ಡರ್. ನಾವು ಕ್ಯಾಸೆಟ್ ಹಾಕಿದ್ರ ಮಷಿನ್ ಸೌಂಡಿಗೂ ಆ ಗಿಟಾರ್ ಸೌಂಡಿಗೂ ಫರಕೇ ತಿಳೀತಿರ್ಲಿಲ್ಲ, ಸೂಜಿ ಕೆಳಗ ಕೆಳಗ ಬಡೀತಿತ್ತು, ಗಿಟಾರೂ ಹಂಗೇ. ಅಲ್ಲಿ ಒಬ್ರು ಹಿರೇ ಟೈಲರ್ ಇದ್ರು. ಪ್ಯಾಂಟಿನ ಎರಡೂ ಕಾಲು ಕೂಡೋ ಜಾಗ ಬಂದಾಗ ಬಟ್ಟಿ ಪದರ ಮ್ಯಾಲೆ ಪದರ ಆಗಿ ಗಂಟು ಕಟ್ಟಿದಂಗ ಇರ್ತೈತಿ, ಅಲ್ಲಿ ಅವ್ರು ಕಾಲನ್ನ ಪೆಡಲ್ ಮ್ಯಾಲಿಂದ ಒಂಚೂರು ಹಗುರ ಮಾಡ್ತಿದ್ರು, ಸೂಜಿ ನಿಧಾನಕ್ಕ ಆ ಗಂಟನ್ನ ದಾಟಿ ಮತ್ತ ಜೋರು ಹಿಡೀತಿತ್ತು. ಹೊಸ ಹುಡುಗ್ರು ಅದೇ ಸ್ಪೀಡ್‌ನಾಗ ಹೋಗಿ ಸೂಜಿ ಮುರೀತಿದ್ರು. ಆ ಕಾಲು ಹಗುರ ಆಗೋ ಗಳಿಗಿ ನನ್ನ ಕಣ್ಣಾಗ ಇವತ್ತಿಗೂ ಐತಿ.

ಮತ್ತ ಜಗಳಕ್ಕ ಬರ್ತೀನಿ. ನಾನು ದೋಸ್ತಗ ಕೇಳ್ದೆ, ನಿನಗ ಭಾಳ ಇಷ್ಟ ಆಗೋ ಸೋಲೋ ಯಾವ್ದು ಹೇಳು ಅಂತ. ಅವ್ನು ಮಾಸ್ಟರ್ ಆಫ್ ಪಪೆಟ್ಸ್ ನಡುವ ಎಲ್ಲಾ ನಿಧಾನ ಆಗಿ ಒಂದು ಅಳೋ ಥರದ ಗಿಟಾರ್ ಬರ್ತೈತಲ್ಲ ಅದು ಅಂದ. ಅದು ಕರ್ಕ್ ಅಲ್ಲ, ಹೆಟ್‌ಫೀಲ್ಡ್. ಅದಾದಮ್ಯಾಲೆ ಬರೋ ಜೋರಿನದು ಕರ್ಕ್‌ದು. ಇನ್ನೊಬ್ಬ ನಥಿಂಗ್ ಎಲ್ಸ್ ಮ್ಯಾಟರ್ಸ್ ಅಂದ, ಅದೂ ಹೆಟ್‌ಫೀಲ್ಡ್‌ದೇ, ಆ ಹಾಡಿನ ಸ್ಟುಡಿಯೋ ರೆಕಾರ್ಡಿಂಗ್‌ನಾಗ ಕರ್ಕ್ ಬಾರ್ಸೇ ಇಲ್ಲ. ಆ ಹಾಡು ಹುಟ್ಟಿದ್ದು ಹೆಂಗ ಗೊತ್ತೇನು, ಹೆಟ್‌ಫೀಲ್ಡ್ ಒಂದು ಕೈಯಾಗ ಫೋನ್ ಹಿಡ್ಕೊಂಡು ಮಾತಾಡ್ತಾ ಇನ್ನೊಂದು ಕೈಲೇ ತಂತಿ ಮೀಟ್ತಾ ಕುಂತಿದ್ನಂತ, ಅದಕ್ಕೇ ಶುರುವಿನ ಸ್ವರ ಎಲ್ಲಾ ಖಾಲಿ ತಂತಿ, ಫ್ರೆಟ್ ಮ್ಯಾಲೆ ಬೆರಳೇ ಇಲ್ಲ. ಇದನ್ನ ಅವನೇ ಹೇಳ್ಯಾನ. ಬರೇ ಒಂದು ಕೈಯಾಗ ಹುಟ್ಟಿದ ಹಾಡು ಅದು! ಇದನ್ನ ಕೇಳಿ ಹುಡುಗ ಎದ್ದು ನಿಂತ್ಬಿಟ್ಟ, ಗಿಟಾರ್ ಎತ್ಕೊಂಡು ಎಡಗೈ ಕಿಸೆದಾಗ ಇಟ್ಟು ಬಾರ್ಸಿ ನೋಡ್ದ. ಬಂತು.

ಆದ್ರ ದೋಸ್ತ ಸುಮ್ನಿರೋನಲ್ಲ. "ಎಂಟರ್ ಸ್ಯಾಂಡ್‌ಮನ್ ರಿಫ್ ಯಾರದ್ಲೇ?" ಅಂದ. ರಿಫ್ ಅಂದ್ರ ಹಾಡಿನಾಗ ಮತ್ತ ಮತ್ತ ಬರೋ ಗಿಟಾರ್ ತುಂಡು. ಅದು ಕರ್ಕ್‌ದು, ಹೌದು. ಕರ್ಕ್ ತಂದ ರಿಫ್‌ನಾಗ ಮೊದಲ್ನೇ ತುಂಡನ್ನ ಮೂರು ಸಲ ಹೇಳಿ ಆಮ್ಯಾಲೆ ಬಾಲ ಹಚ್ಚು ಅಂತ ಡ್ರಮ್ಮರ್ ಲಾರ್ಸ್ ಉಲ್ರಿಚ್ ಹೇಳಿದ್ದು, ಅದರಿಂದ ಜಗತ್ತೇ ಗುನುಗೋ ಹಾಡಾತು. ಈ ಮಾತಿನಾಗ ನಾನು ಸೋತೆ, ಒಪ್ಕೊಂಡೆ. ಕರ್ಕ್ ಮ್ಯಾಲೆ ನನಗ ಪ್ರೀತಿ ಇಲ್ಲ ಅಂತಲ್ಲ, ಒನ್ ಹಾಡಿನ ಕಡೀಗೆ ಬರೋ ಆ ಎರಡೂ ಕೈ ಫ್ರೆಟ್ ಮ್ಯಾಲೆ ಓಡೋ ಸೋಲೋ ಕೇಳಿದಾಗ ಇವತ್ತಿಗೂ ಮೈ ಜುಮ್ ಅಂತೈತಿ. ದೊಡ್ಡ ಗಿಟಾರಿಸ್ಟ್ ಜೋ ಸಾಟ್ರಿಯಾನಿ ಹತ್ರ ಪಾಠ ಕಲಿತವ್ನು ಅವ್ನು, ಸುಮ್ನ ಅಲ್ಲ.

ನನ್ನ ವಾದ ಬ್ಯಾರೆ. ಲೋಡ್ ಆಲ್ಬಮ್ ತಗೋರಿ, 1996. ಕೂದ್ಲಾ ಕತ್ತರಿಸಿಕೊಂಡ್ರು ಅಂತ ಎಲ್ರೂ ಬೈದಿದ್ದು ಬೈದಿದ್ದೇ, ಅಲ್ಲಿ ಗಿಟಾರ್‌ನಾಗ ಏನಾತು ಅಂತ ಯಾರೂ ಕೇಳ್ಲೇ ಇಲ್ಲ. ಅಲ್ಲಿತನಕ ರೆಕಾರ್ಡಿಂಗ್‌ನಾಗ ರಿದಮ್ ಗಿಟಾರ್, ಅಂದ್ರ ಸೋಲೋ ಕೆಳಗ ತಾಳ ಹಿಡಿಯೋದು, ಹೆಚ್ಚುಕಮ್ಮಿ ಪೂರಾ ಹೆಟ್‌ಫೀಲ್ಡ್ ಒಬ್ನೇ ಬಾರ್ಸ್ತಿದ್ದ, ಒಂದರ ಮ್ಯಾಲೊಂದು ಅದೇ ಕೈ, ಅದಕ್ಕೇ ಆ ಹಳೇ ಸೌಂಡ್ ಗೋಡಿ ಕಟ್ಟಿದಂಗ ಇರ್ತಿತ್ತು. ಲೋಡ್‌ನಾಗ ಮೊದಲ ಸಲ ಕರ್ಕ್‌ಗೂ ರಿದಮ್ ಬಾರ್ಸಾಕ ಕೊಟ್ರು, ಗಿಟಾರ್ ಅರ್ಧ ಸ್ವರ ಇಳಿಸಿದ್ರು. ಎರಡು ಬಲಗೈ ಅಂದಮ್ಯಾಲೆ ಗೋಡಿ ಸಡ್ಲ ಆಗೋದೇ, ಗಾಳಿ ಆಡ್ತೈತಿ. ಅದು ಸೋಮಾರಿತನ ಅಲ್ಲ, ತಾವೇ ಬೇಕಂತ ಮಾಡಿದ್ದು. 1997ರಾಗ ರೀಲೋಡ್ ಬಂತು, ಅದ್ರಾಗ ಹಾಡು ಜಾಸ್ತಿ ಆದ್ವು, ಅದನ್ನ ನಾನೂ ಪೂರ್ತಿ ಕೇಳೋದು ಕಮ್ಮಿ.

ಸೇಂಟ್ ಆಂಗರ್ ಬಗ್ಗೆ ಮಾತ್ರ ದೋಸ್ತನ ಜೊತಿ ನಾನೂ ಅರ್ಧ ದಾರಿ ಹೋಗ್ತೀನಿ. 2003. ಬೇಸ್ ಬಾರ್ಸ್ತಿದ್ದ ಜೇಸನ್ ನ್ಯೂಸ್ಟೆಡ್ 2001ರಾಗ ಬಿಟ್ಟುಹೋದ, ಹೆಟ್‌ಫೀಲ್ಡ್ ಕುಡಿತ ಬಿಡಾಕ ರಿಹ್ಯಾಬ್‌ಗೆ ಹೋದ, ವಾಪಸ್ ಬಂದಮ್ಯಾಲೆ ದಿನಕ್ಕ ಮಧ್ಯಾಹ್ನ 12ರಿಂದ 4ರ ತನಕ ಅಷ್ಟೇ ಕೆಲಸ ಅಂತ ನೇಮ. ಡ್ರಮ್ ಸೌಂಡ್ ಡಬ್ಬಿ ಬಡಿದಂಗ, ಪೂರಾ ಆಲ್ಬಮ್‌ನಾಗ ಒಂದು ಸೋಲೋ ಇಲ್ಲ. ಅವ್ರ ಮ್ಯಾಲೆ ತೆಗೆದ ಡಾಕ್ಯುಮೆಂಟರಿನಾಗ ಕರ್ಕ್ ಇದಕ್ಕ ವಿರೋಧ ಹೇಳ್ತಾನ, ಸೋಲೋ ಇಲ್ಲ ಅಂದ್ರ ಈ ಆಲ್ಬಮ್ ಈ ಕಾಲಕ್ಕೇ ಅಂಟ್ಕೊಂಡು ಉಳೀತೈತಿ ಅಂತ. ಅವನ ಮಾತೇ ಖರೇ ಆತು. ಆದ್ರೂ ಆ ಆಲ್ಬಮ್ ಕೇಳಿದಾಗ ನನಗ ಹೊಟ್ಟ್ಯಾಗ ಸಂಕಟ ಆಗ್ತೈತಿ, ಯಾಕಂದ್ರ ಆ ಬಲಗೈ ಅಲ್ಲಿ ಬಡಿದಾಡ್ತೈತಿ, ಎಲ್ಲಿ ನಿಲ್ಬೇಕು ಗೊತ್ತಿಲ್ಲ, ಗಂಟು ಬಂದ್ರೂ ಕಾಲು ಹಗುರ ಮಾಡಂಗಿಲ್ಲ. ಸೂಜಿ ಮುರಿದ ಸೌಂಡ್ ಅದು. ಬದುಕೇ ಮುರಿದಾಗ ಮಾಡಿದ್ದು, ಹಂಗೇ ಕೇಳ್ಸ್ತೈತಿ.

ಡೆತ್ ಮ್ಯಾಗ್ನೆಟಿಕ್ 2008ರಾಗ ಬಂತು, ಸೋಲೋ ವಾಪಸ್ ಬಂದ್ವು, ರಿಫ್ ವಾಪಸ್ ಬಂದ್ವು, ಆದ್ರ ಸೌಂಡ್ ಎಷ್ಟು ಜೋರು ಮಾಡಿಟ್ರು ಅಂದ್ರ ಎಲ್ಲಾ ಒಡದ ಒಡದ ಕೇಳ್ಸೋದು. ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮ್‌ನಾಗ ಬಂದ ಅದೇ ಹಾಡು ಸಿಡಿಗಿಂತ ಚೊಲೋ ಕೇಳ್ಸ್ತಿತ್ತು, ಫ್ಯಾನ್ಸ್ ಸೇರಿ ಮತ್ತೊಮ್ಮೆ ಮಿಕ್ಸ್ ಮಾಡ್ರಿ ಅಂತ ಅರ್ಜಿನೇ ಹಾಕಿದ್ರು.

ನಾನು ಅವ್ರನ್ನ ಕಣ್ಣಾರೆ ನೋಡಿದ್ದು ಅದಾಗಿ ಮೂರು ವರ್ಷಕ್ಕ, 2011ರ ಅಕ್ಟೋಬರ್ 30, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್. ಎರಡು ದಿನ ಮೊದಲು ಗುರ್‌ಗಾಂವ್ ಶೋ ಕ್ಯಾನ್ಸಲ್ ಆಗಿತ್ತು, ಅಲ್ಲಿ ಜನ ಸಿಟ್ಟಿಗೆದ್ದು ಸ್ಟೇಜ್ ಒಡೆದಿದ್ರು, ಇದೂ ಆಗ್ತೈತೋ ಇಲ್ಲೋ ಅಂತ ಜೀವ ಕೈಯಾಗ ಹಿಡ್ಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ವಿ, ಜನರಲ್ ಬೋಗಿ, ಗುಂತಕಲ್ ತನಕ ನಿಂತೇ ಹೋದ್ವಿ. ಶೋ ಆತು. ನಾನು ಎಷ್ಟು ಹಿಂದ ನಿಂತಿದ್ದೆ ಅಂದ್ರ ಸ್ಟೇಜ್ ಮ್ಯಾಲೆ ಮನುಷ್ಯಾರು ಬೆರಳಿನಷ್ಟು ಕಾಣ್ತಿದ್ರು, ಆದ್ರ ದೊಡ್ಡ ಸ್ಕ್ರೀನ್ ಮ್ಯಾಲೆ ಒಂದ್ಸಲ ಆ ಬಲಗೈ ಹತ್ರದಿಂದ ತೋರ್ಸಿದ್ರು. ಮುಂಗೈ ಮಾತ್ರ ಆಡ್ತಿತ್ತು, ಮೊಣಕೈ ಮ್ಯಾಲೆ ಅಲ್ಲಾಡ್ತಿರ್ಲಿಲ್ಲ, ಭುಜ ತಣ್ಣಗ. ಅಷ್ಟು ಸಾವಿರ ಜನ ಕುಣೀತಿದ್ರು, ಆ ಕೈಯಾಗ ಅವಸರ ಇರ್ಲಿಲ್ಲ. ನನಗ ಥಟ್ಟನೆ ನಮ್ಮ ಯೂನಿಟ್ ಟೈಲರ್ ನೆನಪಾದ್ರು, ಕಣ್ಣಾಗ ನೀರು ಬಂತು.

ಅವತ್ತು ಭಾನುವಾರ ನಮ್ಮ ಜೊತಿ ಇನ್ನೊಬ್ರು ಇದ್ರು, ಭಜನಾ ಮಂಡಳಿಗೆ ತಬಲಾ ಬಾರ್ಸೋ ಅಣ್ಣ, ಪಕ್ಕದ ಮನಿಯವ್ರು, ಚಾ ಕುಡ್ಯಾಕ ಬಂದು ಕುಂತಿದ್ರು. ಇಂಗ್ಲಿಷ್ ಹಾಡು ಕೇಳೋರಲ್ಲ. ಮಾಸ್ಟರ್ ಆಫ್ ಪಪೆಟ್ಸ್ ಹಾಡು ಶುರು ಆದಾಗ ಸುಮ್ನ ತೊಡಿ ಮ್ಯಾಲೆ ಬೆರಳಾಡಿಸ್ತಿದ್ರು, ಒಂದು ಕಡಿ ಬೆರಳು ನಿಂತ್ಬಿಡ್ತು. "ತಡೀರಿ, ಹಿಂದ ಹಾಕ್ರಿ, ಇಲ್ಲಿ ಯಾರೋ ತಾಳದ ಮಾತ್ರಾ ನುಂಗ್ಯಾರ" ಅಂದ್ರು. ನಾವು ನಾಕೂ ಮಂದಿ ಒಬ್ರ ಮುಖ ಒಬ್ರು ನೋಡಿದ್ವಿ. ಗಿಟಾರ್ ಬಾರ್ಸೋರೆಲ್ಲಾ ಇವತ್ತಿಗೂ ಜಗಳ ಮಾಡೋ ಜಾಗ ಅದು. ಮೂರು ಸಲ ನಾಕು ನಾಕು ಬೀಟ್ ಬರ್ತೈತಿ, ನಾಕನೇ ಸಲ ಅರ್ಧಕ್ಕ ಕಡಿದು ಮತ್ತ ಮೊದಲಿಗೆ ಬರ್ತೈತಿ. ಪುಸ್ತಕದಾಗ ಅದನ್ನ 5/8, ಅಂದ್ರ ಐದು ಅರ್ಧ ಬೀಟು, ಅಂತ ಬರೀತಾರ, ಆದ್ರ ಬೀಟ್ ಎಣಿಸೋ ಮೆಟ್ರೊನೋಮ್ ಇಟ್ಟು ಅಳದ್ರ ಅದು ಕಾಗದದಾಗ ಬರೆದಷ್ಟು ಸರಳವಾಗಿ ಕೂಡಂಗಿಲ್ಲ. ಅಣ್ಣ ಐದಾರು ಸಲ ಹಿಂದ ಹಾಕ್ಸಿ ಕೇಳಿದ್ರು, ಕಣ್ಣು ಮುಚ್ಕೊಂಡು, ಚಾ ಆರಿ ತಣ್ಣಗಾತು. ಆಮ್ಯಾಲೆ ಅಂದ್ರು, "ಇದು ಎಣಿಸಿ ಬಾರ್ಸಿದ್ದಲ್ಲ. ಕೈಗೆ ಬಂದಂಗ ಬಾರ್ಸ್ಯಾನ, ಉಳಿದವ್ರು ಅವನ ಕೈ ನೋಡ್ಕೊಂಡು ಹೋಗ್ಯಾರ."

ನಾನು ಇಪ್ಪತ್ತು ವರ್ಷ ಹೇಳಕ್ಕ ಬಾರದ ಮಾತನ್ನ ಅವ್ರು ಒಂದೇ ಹಾಡು ಕೇಳಿ ಹೇಳಿದ್ರು. ದೋಸ್ತ ಏನೂ ಮಾತಾಡ್ಲಿಲ್ಲ, ಮಿರ್ಚಿ ಮುರದು ಅಣ್ಣನ ಮುಂದ ಇಟ್ಟ.

ಆಗ ನಾನು ಇನಾಮೊರಾಟಾ ಹಾಕಿದೆ, 72 ಸೀಸನ್ಸ್‌ನ ಕಡೀ ಹಾಡು, ಹನ್ನೊಂದು ನಿಮಿಷದ ಮ್ಯಾಲೈತಿ, ಇವ್ರು ತಾವಷ್ಟೇ ಬರೆದ ಹಾಡುಗಳಾಗ ಎಲ್ಲಕ್ಕಿಂತ ಉದ್ದದ್ದು. ಅದನ್ನ ರೆಕಾರ್ಡ್ ಮಾಡೋ ಹೊತ್ತಿಗೆ ಹೆಟ್‌ಫೀಲ್ಡ್‌ಗೆ ಅರವತ್ತು ಹತ್ರ. ಕೇಳ್ರಿ ಅದನ್ನ, ಜೋರಿಲ್ಲ. ಒಂದು ಏಟು ಹೊಡೆದು ಅದು ಆರೋ ತನಕ ಕಾಯ್ತಾನ. ನಡುವ ಒಂದು ಕಡಿ ಎಲ್ಲಾ ಇಳಿದು ಬೇಸ್ ಅಷ್ಟೇ ಉಳೀತೈತಿ, ಆಮ್ಯಾಲೆ ಗಿಟಾರ್ ಒಂದೊಂದಾಗಿ ಮೆಲ್ಲಕ ಒಳಗ ಬರ್ತಾವ. ಇಪ್ಪತ್ತೆರಡು ವಯಸ್ಸಿನಾಗ ಸೆಕೆಂಡಿಗೆ ಏಳು ಏಟು ಹಾಕಿದ ಕೈ ಅದು, ಈಗ ಹಗುರಾಗೋದು ಕಲ್ತೈತಿ. ಇದನ್ನ ಮುಪ್ಪು ಅಂತ ಅನ್ನೋರ ಜೊತಿ ನಾನು ಜಗಳ ಆಡೇ ಆಡ್ತೀನಿ. ಸೋಲೋ ಬಗ್ಗೆ ನಿಮ್ಮ ತಕರಾರು ನಿಮಗಿರ್ಲಿ, ಈ ಆಲ್ಬಮ್ ಸೋಲೋಗಳನ್ನ ಮೊದಲೇ ಕುಂತು ಬರೀದ ಅಲ್ಲೇ ಹೊಳೆದಂಗ ಬಾರ್ಸಿದೆ ಅಂತ ಕರ್ಕೇ ಹೇಳ್ಕೊಂಡಾನ, ಕೆಲವು ಹೊಳದಾವ ಕೆಲವು ಹೊಳದಿಲ್ಲ. ಆದ್ರ ಅವುಗಳ ಕೆಳಗ ಆ ಬಲಗೈ ಏನ್ ಮಾಡ್ತೈತಿ ಅಂತ ಒಂದ್ಸಲ ಅದನ್ನಷ್ಟೇ ಕೇಳ್ರಿ.

ಹಾಡು ಮುಗಿಯೋ ತನಕ ಯಾರೂ ಎದ್ದೇಳ್ಲಿಲ್ಲ. ದೋಸ್ತ "ಇದೊಂದು ಒಪ್ತೀನಿ, ಉಳಿದಿದ್ದಿಲ್ಲ" ಅಂದ. ನನಗ ಅಷ್ಟು ಸಾಕು.

ಹುಡುಗ ಅವತ್ತಿಂದ ಮ್ಯಾಲಿನ ಏಟು ಪೂರಾ ಬಿಟ್ಟಾನ. ಮೆಟ್ರೊನೋಮ್ 120ಕ್ಕ ಇಟ್ಟು ಶುರು ಮಾಡ್ಯಾನ, ದಿನಾ ರಾತ್ರಿ ನನಗ ವಾಟ್ಸಾಪ್‌ನಾಗ ಅರ್ಧ ನಿಮಿಷದ್ದು ರೆಕಾರ್ಡ್ ಮಾಡಿ ಕಳಿಸ್ತಾನ. ಮೊನ್ನೆ 140ಕ್ಕ ಮೊಣಕೈ ತನಕ ನೋವು ಬರ್ತೈತಿ ಮಾಮ ಅಂದ. ಭುಜ ಬಿಗಿ ಹಿಡೀಬ್ಯಾಡ, ಪಿಕ್ ಗಟ್ಟಿ ಹಿಡೀಬ್ಯಾಡ, ನೋವು ಬಂದ್ರ ಅಲ್ಲೇ ನಿಲ್ಲಿಸು, ಯೂನಿಟ್‌ಗೆ ಹೋಗಿ ಹತ್ತು ನಿಮಿಷ ಟೈಲರ್ ಕಾಲು ನೋಡ್ಕೊಂಡು ಕುಂದ್ರು ಅಂತ ಹೇಳೀನಿ. ನಿನ್ನೆ ರಾತ್ರಿ ಬಂದ ರೆಕಾರ್ಡ್‌ನಾಗ ಗಿಟಾರ್ ಹಿಂದ ಮಷಿನ್ ಸೌಂಡ್ ಕೇಳ್ತಿತ್ತು.